ನಾಲ್ಕನೆಯ ನಿಯಮ

ಡೊಂಬಿವಲಿ,
ರವಿವಾರ, ೧೬ ನವೆಂಬರ್ ೧೯೯೭

ಸೌ. ನಾಗವೇಣಿಗೆ ಅನೇಕ ಆಶೀರ್ವಾದ.

ನಿನ್ನ ಮೊಣಕಾಲು ಹೇಗಿದೆ? ವಿಜಾಪುರದ ಚಳಿಯಲ್ಲಿ ಅಣ್ಣನ ಮನೆಯ ಮಾಳಿಗೆ ಹತ್ತಿಳಿಯಬೇಡ. ಬಾಣಂತಿ, ಕೂಸು ಕ್ಷೇಮ ತಾನೆ? ನನ್ನ ಚಿಂತೆ ಬಿಡು. ನಾನು ಮಾಡುವ ಉಪ್ಪಿಟ್ಟು ಪಾತ್ರೆಯನ್ನು ಬಿಡಲೊಲ್ಲದೆ ಪಾತಿವ್ರತ್ಯ ಮೆರೆಯುತ್ತಿದೆ. ಮರೆಮ್ಮ ದಿನವೂ ಅದನ್ನು ಕೆರೆದು ತಿಕ್ಕುತ್ತ, ‘ಮಾಸ್ತರ್ರ, ಅಮ್ಮಾರು ಯಾವಾಗ ಬರ್ತಾರ್ರಿ?’ ಎನ್ನುತ್ತಾಳೆ.

ಇನ್ನು ನಮ್ಮ ಸಮಿತಿಯ ಸುದ್ದಿ. ಕಲ್ಯಾಣದ ಆಸ್ಪತ್ರೆಯಲ್ಲಿ ಹೊಸ ಔಷಧ ಪ್ರಯೋಗಿಸುವ ಡಾಕ್ಟರರಿಗೆ ಧರ್ಮ ಯಾವುದು, ಅಧರ್ಮ ಯಾವುದು ಎಂದು ತಿಂಗಳಿಗೊಮ್ಮೆ ಅಪ್ಪಣೆ ಕೊಡಿಸುವ ನಮ್ಮ ಐವರಿಗೇ ಒಂದು ನೀತಿಸಂಹಿತೆ ಇಲ್ಲವೆಂಬುದು ಈಗ ಹೊಳೆದಿದೆ. ವಕೀಲರಿಗೆ ನಿಯಮಗಳಿವೆ, ಲೋಕಲ್ ಗಾಡಿಯ ಭಜನಾ ಮಂಡಳಿಗೂ ಯಾರು ಎಲ್ಲಿ ಕೂರಬೇಕೆಂಬ ಕಟ್ಟಳೆಯಿದೆ. ಅಕ್ಷರ ದುಂಡಗಿದೆಯೆಂಬ ಏಕೈಕ ಅರ್ಹತೆಯ ಮೇಲೆ ಕರಡು ಬರೆಯುವ ಭಾರ ನನಗೆ ಬಿತ್ತು. ಆಸ್ಪತ್ರೆಯವರು ಕೊಡುವ ಬಟಾಟೆವಡೆ ಆತಿಥ್ಯವೋ ಆಮಿಷವೋ ಎಂದು ನಿನ್ನೆ ಒಂದು ಗಂಟೆ ಚರ್ಚಿಸಿ, ಆರಿದ ಮೇಲೆ ತಿಂದರೆ ದೋಷವಿಲ್ಲವೆಂದು ತೀರ್ಮಾನಿಸಿದೆವು.

ನಾಲ್ಕನೆಯ ನಿಯಮಕ್ಕೆ ನಗು ನಿಂತಿತು. ‘ಸಮಿತಿಯಲ್ಲಿ ಕೂತು ತೀರ್ಪು ಕೊಡುವವನು ತಾನೇ ರೋಗಿಯ ಬಳಿ ಹೋಗಿ ಒಪ್ಪಿಗೆ ಪಡೆಯಕೂಡದು’ ಎಂದು ಬರೆದಿದ್ದೆ. ಅಧ್ಯಕ್ಷ ಡಾ. ಸರ್ವೋತ್ತಮರು, ‘ಇಂಥದ್ದು ನಮ್ಮಲ್ಲಿ ಎಲ್ಲಿ ಆಗಿದೆ ಮಾರಾಯ್ರೆ? ಹೊಡೆದುಹಾಕಿ’ ಎಂದರು. ಹೊಡೆದುಹಾಕಿದೆ.

ಆಗಿದೆ, ನಾಗೂ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ ಮರೆಮ್ಮನ ಗಂಡ ಸಿದ್ರಾಮ ಕಾಮಾಲೆಯಿಂದ ಅದೇ ಆಸ್ಪತ್ರೆಯಲ್ಲಿ ಮಲಗಿದ್ದನಲ್ಲ, ಆಗ. ಹೊಸ ಔಷಧಕ್ಕೆ ಒಪ್ಪಿಗೆಯ ಮರಾಠಿ ಕಾಗದ ಅವನಿಗೆ ತಿಳಿಯದೆಂದು ನನ್ನನ್ನು ಕರೆದರು. ನಮ್ಮ ಕಡೆಯವನು, ಗೊಂದಲ ಬೇಡವೆಂದು ಕನ್ನಡದಲ್ಲಿ ಹೇಳುವಾಗ ಒಂದು ಸಾಲು ಹಾರಿಸಿದೆ: ಬೇಡವೆನಿಸಿದರೆ ಯಾವ ದಿನವಾದರೂ ಈ ಔಷಧ ಬಿಟ್ಟು ಹೋಗಬಹುದು. ‘ನೀವ್ ಅಂದ್ ಮ್ಯಾಲೆ ಮುಗೀತ್ರಿ’ ಎಂದು ಹೆಬ್ಬೆಟ್ಟು ಒತ್ತಿದ. ವಾಂತಿ ಶುರುವಾದಾಗ ಊರಿಗೆ ಹೋಗೋಣವೆಂದು ಮರೆಮ್ಮ ಅತ್ತಳಂತೆ. ‘ಹೆಬ್ಬೆಟ್ಟು ಒತ್ತೀನಿ, ನಡುವ ಎದ್ದು ಹ್ಯಾಂಗ ಹೋಗ್ಲಿ?’ ಎಂದನಂತೆ. ಹನ್ನೆರಡನೆಯ ದಿನ ತೀರಿಕೊಂಡ. ಔಷಧದಿಂದಲೋ ರೋಗದಿಂದಲೋ, ಯಾರೂ ಹೇಳಲಾರರು. ಮುಂದಿನ ಸಭೆಯಲ್ಲಿ ‘ಒಪ್ಪಿಗೆ ಕ್ರಮಬದ್ಧ’ವೆಂದು ಮೊದಲು ಕೈಯೆತ್ತಿದವನು ನಾನು. ನಿನಗೂ ಹೇಳಲಿಲ್ಲ.

ನಾಳೆ ಆ ನಿಯಮ ಮತ್ತೆ ಬರೆದು, ‘ಇದು ನಮ್ಮಲ್ಲಿ ಆಗಿದೆ, ಮಾಡಿದವನು ನಾನು’ ಎಂದು ಸೇರಿಸಿ ಕೊಡುತ್ತೇನೆ. ಉಳಿದ ನಾಲ್ವರ ಮುಂದೆ ಹೇಳಬಲ್ಲೆ. ಮರೆಮ್ಮನೊಬ್ಬಳಿಗೆ ಹೇಗೆ ಹೇಳಲಿ?

ಅಣ್ಣನಿಗೆ ನಮಸ್ಕಾರ, ಕೂಸಿಗೆ ಮುತ್ತು. ಬಯ್ಯುವುದಿದ್ದರೆ ಉಳಿಸಿಕೊಳ್ಳದೆ ಬಯ್ದುಬಿಡು.

ನಿನ್ನ
ಹಯಗ್ರೀವ

ತಾ.ಕ.: ಅಂಟು ಹಚ್ಚುವಷ್ಟರಲ್ಲಿ ಮರೆಮ್ಮ ಬಂದಳು. ಹೇಳಿಬಿಟ್ಟೆ. ‘ಹಂಗಂದ್ರ ಅವನ್ನ ಊರಿಗೆ ಕರ್ಕೊಂಡು ಹೋಗಬಹುದಿತ್ತೇನ್ರಿ?’ ಎಂದಳು. ಹೂಂ ಎಂದೆ. ಅಡುಗೆಮನೆಯಲ್ಲಿ ಕೂತುಬಿಟ್ಟಿದ್ದಾಳೆ; ನಲ್ಲಿ ಹರಿಯುತ್ತಿದೆ. ಒಳಗೆ ಹೋಗಿ ನಿಲ್ಲಿಸಲು ನನಗೆ ಧೈರ್ಯ ಬರುತ್ತಿಲ್ಲ. ಕಾಗದ ತಲುಪಿದ ದಿನವೇ ಹೊರಟು ಬಾ.