ರಾಚವ್ವ ಇಳಿಸಿದ ಮೇನ್

ಮಾರ್ಚ್ ೧೨, ಗುರುವಾರ

ರಜಿಸ್ಟರಿನಲ್ಲಿ ಹಾಕಿದ ಸಹಿ ತಲೆಯಿಂದ ಹೋಗುತ್ತಿಲ್ಲ.

ಮಧ್ಯಾಹ್ನ, ನಾನು ಯಂತ್ರಗಳ ರಿಪೇರಿ ನೋಡುವ ತಿಕೋಟಾದ ಕಾರ್ಖಾನೆಯಲ್ಲಿ ಕರೆಂಟ್ ಹೋಯಿತು. ಒಣದ್ರಾಕ್ಷಿ ತೊಳೆಯುವ ಯಂತ್ರದ ಬೆಲ್ಟ್ ಜಾರಿತ್ತು. ಹೇಗೂ ಕರೆಂಟ್ ಇಲ್ಲವಲ್ಲ ಎಂದು ನೇರ ಕೈ ಹಾಕಿದೆ. ಆ ಮೋಟಾರಿಗೆ ಆಟೋ ಸ್ಟಾರ್ಟರ್ ಕೂರಿಸಿದವನು ನಾನೇ. ಕರೆಂಟ್ ಬಂದರೆ ಯಾರೂ ಗುಂಡಿ ಒತ್ತಬೇಕಿಲ್ಲ, ತಾನೇ ತಿರುಗುತ್ತದೆ. ಬೆರಳು ಪುಲ್ಲಿಯ ಸಂದಿಯಲ್ಲಿದ್ದಾಗಲೇ ತಲೆಯ ಮೇಲೆ ಟ್ಯೂಬ್‌ಲೈಟ್ ಹತ್ತಿತು. ಮೋಟಾರು ಮಾತ್ರ ಸುಮ್ಮನಿತ್ತು.

ತಿರುಗಿ ನೋಡಿದರೆ, ದ್ರಾಕ್ಷಿ ಆರಿಸುವ ರಾಚವ್ವ ಯಂತ್ರದ ಮೇನ್ ಸ್ವಿಚ್ ಇಳಿಸಿ, ಅದರ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಕರೆಂಟ್ ಇಲ್ಲದಾಗ ಮೇನ್ ಯಾಕ ಇಳಿಸಿದಿ ಬೇ?"

"ಹೋದ ಕರೆಂಟ್ ಬರೂದ ಐತಲ್ರೀ ಸಾಹೇಬ್ರ. ಹೋದ ತಿಂಗಳ ನೀವ ಹೇಳಿದ್ರಿ."

ಅಷ್ಟಂದು ತನ್ನ ಜಾಗಕ್ಕೆ ಹೋಗಿ ಕೂತಳು. ಉಪಕಾರ ಆತು ಅನ್ನಬೇಕಿತ್ತು. "ಆತು, ಕೆಲಸಾ ನೋಡು" ಎಂದೆ.

ರಿಪೇರಿ ರಜಿಸ್ಟರಿಗೆ 'ಮೇನ್ ಇಳಿಸಿದವರು' ಎಂಬ ಕಾಲಂ ಹಟ ಮಾಡಿ ಸೇರಿಸಿದವನೂ ನಾನೇ. ಅಲ್ಲಿ ಇವತ್ತು ಸುಶೀಲೇಂದ್ರ ಎಂದು ನನ್ನ ಹೆಸರನ್ನೇ ಬರೆದು ಸಹಿ ಹಾಕಿ ಬಂದಿದ್ದೇನೆ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು ಅನ್ನ ಕಲಸದೆ ಬೆರಳುಗಳನ್ನೇ ನೋಡುತ್ತಿದ್ದೆ. "ಸಾರು ಆರಲಿಕ್ಹತ್ತದ ನೋಡ್ರಿ" ಎಂದಳು ಹೆಂಡತಿ ಪ್ರಾಚಿ. ಅವಳಿಗೂ ಹೇಳಲಿಲ್ಲ.

ನಾಳೆ ಮೊದಲ ಬಸ್ಸಿಗೆ ಹೋಗಿ ನನ್ನ ಹೆಸರು ಹೊಡೆದುಹಾಕಿ ರಾಚವ್ವನ ಹೆಸರು ಬರೆಯಬೇಕು. ಬರೀ ರಾಚವ್ವ ಎಂದರೆ ಸಾಲದು, ಮನೆತನದ ಅಡ್ಡಹೆಸರೂ ಬೇಕು. ಆರು ವರ್ಷದಿಂದ ನೋಡುತ್ತಿದ್ದೇನೆ. ಒಮ್ಮೆಯೂ ಕೇಳಿಲ್ಲ.