ಬೀಗ ಒಡೆದದ್ದರ ಬಗ್ಗೆ ಬೆಳ್ಯಪ್ಪನವರಿಗೆ

ಬೆಳ್ಯಪ್ಪನವರೇ,

ವಾರ್ಡಿನ ಬೀಗ ಒಡೆದದ್ದಕ್ಕೆ ನಾನು ಕ್ಷಮೆ ಕೇಳಬೇಕು, ಅದೂ ಬರವಣಿಗೆಯಲ್ಲಿ, ಎಂದು ಹೇಳಿಕಳಿಸಿದ್ದೀರಿ. ತಗೊಳ್ಳಿ, ಬರೆಯುತ್ತಿದ್ದೇನೆ. ಕ್ಷಮೆಯನ್ನು ಮಾತ್ರ ಇದರಲ್ಲಿ ಹುಡುಕಬೇಡಿ.

ಕೊರೊನಾದ ಎರಡನೇ ಅಲೆ ಬಂದಾಗ ನಮ್ಮ ಆಸ್ಪತ್ರೆಯಲ್ಲಿ ಬಸುರಿಯರಿಗೇ ಒಂದು ತೀವ್ರ ನಿಗಾ ಘಟಕ ಬೇಕೆಂದು ಕಂಡಕಂಡವರ ಕಾಲು ಹಿಡಿದೆ. ಕೊಟ್ಟವರು ನೀವು. ಹಾಸಿಗೆ, ವೆಂಟಿಲೇಟರ್, ಬಾಗಿಲ ಮೇಲೆ ನಿಮ್ಮ ತಾಯಿಯ ಹೆಸರು. ಆ ದಿನ ನಿಮಗೆ ಮನಸಾರೆ ಕೈಮುಗಿದಿದ್ದೆ. ಆಮೇಲೆ ನೀವು ಎಸ್ಟೇಟಿನ ಕಾಫಿ ಗೋಡೌನಿಗೆ ಹಾಕುವಂತೆ ಅದಕ್ಕೂ ಬೀಗ ಜಡಿದು, ಕೀ ಜೇಬಿಗಿಳಿಸಿಕೊಂಡು ಹೊರಟುಹೋದಿರಿ. ಶುಕ್ರವಾರ ಶಾಸಕರು ಬಂದು ರಿಬ್ಬನ್ ಕತ್ತರಿಸಬೇಕಿತ್ತಲ್ಲ!

ಚಿನ್ನಿ ಬುಧವಾರವೇ ಬಂದಳು. ತಿತಿಮತಿ ಕಡೆಯ ತೋಟದ ಕೂಲಿಯವರ ಲೈನ್‌ಮನೆಯವಳು, ಎಂಟು ತಿಂಗಳ ಬಸುರಿ, ಕೊರೊನಾ ಹತ್ತಿ ಉಸಿರಾಡಲು ಒದ್ದಾಡುತ್ತಿದ್ದಳು. ಗಂಡ ಮಾರ ಜೀಪಿನಿಂದ ಎತ್ತಿಕೊಂಡೇ ತಂದ. ಬಾಗಿಲಿಗೆ ಕಟ್ಟಿದ್ದ ಚೆಂಡುಹೂ ನೋಡಿ, ಆ ಏದುಸಿರಿನಲ್ಲೂ, "ಒಳಗೆ ಮದ್ವೆಯಾ ಅಮ್ಮಾ?" ಎಂದಳು. ಹೊರಗಿದ್ದ ಸಿಲಿಂಡರ್ ಅವಳಿಗೆ ಸಾಲುತ್ತಿರಲಿಲ್ಲ. ಬೇಕಾದ ಯಂತ್ರ ಒಳಗಿತ್ತು.

ನಿಮಗೆ ಫೋನ್ ಮಾಡಿದೆ. "ಈಗ್ಲೇ ಕೀ ಕಳಿಸ್ತೀನಿ" ಅಂದಿರಿ. ಬರಲಿಲ್ಲ. ಮತ್ತೆ ಮಾಡಿದಾಗ ನಿಜ ಬಾಯಿಬಿಟ್ಟಿರಿ: "ಅಲ್ಲ ಡಾಕ್ಟ್ರೇ, ಉದ್ಘಾಟನೆಗೆ ಮೊದ್ಲೇ ಅಲ್ಲೊಂದು ಸಾವಾದ್ರೆ ನಮ್ಮಮ್ಮನ ಹೆಸ್ರು ಏನಾಗ್ಬೇಕು? ಬೇರೆ ಕಡೆ ಕಳ್ಸಿ." ನನಗೆ ಮೈಯೆಲ್ಲ ಉರಿದುಹೋಯಿತು. ಜೀಪಿನ ಜಾಕ್ ರಾಡ್ ತರಲು ಮಾರನಿಗೆ ಹೇಳಿದವಳು ನಾನೇ. ಅವನು ಬೀಗಕ್ಕೆ ಹೊಡೆಯುತ್ತಿರುವಾಗಲೇ ಅವನ ಹೆಂಡತಿಯ ಉಸಿರು ನಿಂತಿತು. ಕೂಡಲೇ ಹೊಟ್ಟೆ ಕೊಯ್ದು ಮಗುವನ್ನು ಉಳಿಸಿಕೊಂಡೆವು. ಹೆಣ್ಣು. ಚಿನ್ನಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

ನಿಮ್ಮ ತಾಯಿಯ ಹೆಸರಿಗೆ ಏನೂ ಆಗಿಲ್ಲ, ಬೆಳ್ಯಪ್ಪನವರೇ. ಚಿನ್ನಿ ಸತ್ತದ್ದು ವರಾಂಡದಲ್ಲಿ.

ಈಗ ಒಳಗೆ ಮೂವರು ಬಸುರಿಯರಿದ್ದಾರೆ. ಶಾಸಕರನ್ನು ಕರೆತಂದು ಅವರ ನಿದ್ದೆ ಕೆಡಿಸಬೇಡಿ. ಪೊಲೀಸಿಗೆ ದೂರು ಕೊಡುವುದಿದ್ದರೆ ನನ್ನ ಮೇಲೆ ಕೊಡಿ, ಮಾರನ ತಂಟೆಗೆ ಹೋದರೆ ನಾನು ಸುಮ್ಮನಿರುವವಳಲ್ಲ.

ನಿಮ್ಮ ಮಗಳಿಗೂ ಏಳು ತಿಂಗಳೆಂದು ಕೇಳಿದೆ. ಅವಳಿಗೆ ಉಸಿರು ಕಟ್ಟಿದರೆ, ನನಗೆ ಮುಖ ತೋರಿಸಲಾರದೆ ಮೈಸೂರಿಗೆ ಕರೆದೊಯ್ಯಬೇಡಿ, ದಾರಿ ದೂರ. ಇಲ್ಲಿಗೇ ತನ್ನಿ. ಒಂದು ಮಾತೂ ಕೇಳದೆ ಒಳಗೆ ಮಲಗಿಸಿಕೊಳ್ಳುತ್ತೇನೆ. ಅದು ನಿಮ್ಮನ್ನು ಕ್ಷಮಿಸಿ ಅಲ್ಲ. ಅವಳೂ ಅವಳ ಕೂಸೂ ತಣ್ಣಗಿರಲಿ.

ನಿಮ್ಮ ಮೇಲಿನ ಸಿಟ್ಟು ಆರದ,
ಹೆರಿಗೆ ಡಾಕ್ಟರು ವೀಣಾ