ಬಾವಿಗೆ ಮರಳಿದ ಜೀವಗಳು

ಅಕ್ಕಾ,

ನೀನಿರುವಲ್ಲಿಗೆ ಟಪಾಲು ಹೋಗುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಾರುಹುಣ್ಣಿನ ಸಂಶೋಧನೆಗೆಂದು ನಿಜಾಮ್ ಸರ್ಕಾರದವರು ನನ್ನನ್ನು ಮಸ್ಕಿಗೆ ಕಳಿಸಿದ್ದಾರೆ. ನಿನ್ನೆ ಮೆಟ್ಟಿಲುಬಾವಿಯ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಒಂದು ಹನಿ ನೀರಿನಲ್ಲಿ ಓಡಾಡುವ ಸಣ್ಣ ಹುಳಗಳನ್ನು ಜನರಿಗೆ ತೋರಿಸಿದೆ. ಇವು ಹೊಟ್ಟೆಗೆ ಹೋದರೆ ಕಾಲಿನಲ್ಲಿ ಹುಣ್ಣಾಗಿ ದಾರದಂಥ ನಾರುಹುಳು ಹೊರಡುತ್ತದೆ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದೆ.

ಇಂದು ಬೆಳಿಗ್ಗೆ ಗುರುಲಿಂಗಮ್ಮ ಎಂಬ ಮುದುಕಿ ಬಲು ಅಚ್ಚುಕಟ್ಟಾಗಿ ಸೋಸಿದಳು. ಆಮೇಲೆ ಆ ಬಟ್ಟೆಯನ್ನು ಬಾವಿಯ ನೀರಿನಲ್ಲೇ ಜಾಲಾಡಿಸಿದಳು!

"ಯಾಕಬೇ ಯವ್ವಾ, ಮತ್ತ ಬಾವ್ಯಾಗ್ಯಾಕ?"

"ಜೀವ ಅದಾವಂತ ನೀವ ತೋರ್ಸಿದ್ರಲ್ರೀ ಸಾಹೇಬ್ರ. ಬಿಸಲಾಗ ಚೆಲ್ಲಿ ಹೆಂಗ ಸಾಯಿಸ್ಲಿ?"

ಹೈದರಾಬಾದಿನಲ್ಲಿ ಕಲಿತದ್ದನ್ನು ಬದಿಗಿಟ್ಟೆ. ಆಕೆಗೆ ನಿನ್ನ ಕಥೆ ಹೇಳಿದೆ. ನಾರು ಹೊರಟ ಕಾಲಿನಲ್ಲೇ ನೀನು ಬಾವಿಗಿಳಿದು ನೀರು ತರುತ್ತಿದ್ದದ್ದು, ಆ ಹುಣ್ಣೇ ಕೀವಾಗಿ ನಿನ್ನನ್ನು ಒಯ್ದದ್ದು.

ಆಕೆ ಮತ್ತೊಂದು ಕೊಡ ಸೋಸಿದಳು. ಈ ಸಲ ಬಟ್ಟೆಯನ್ನು ಕಾದ ಬಂಡೆಯ ಮೇಲೆ ಹಿಂಡಿದಳು.

"ಅಂಥಾ ಕಾಲಾಗ ಯಾರ ಸಲುವಾಗಿ ನೀರಿಗೆ ಹೋಗ್ತಿದ್ಲು, ತಮ್ಮಾ?" ಎಂದು ಕೇಳಿದಳು.

ನೀನು ತಂದ ಆ ನೀರು ಕುಡಿದು ಬೆಳೆದ ನಾನು ಸೂಕ್ಷ್ಮದರ್ಶಕದ ಗಾಜು ಒರೆಸುತ್ತ ಕುಳಿತೆ.

ನಿನ್ನ ತಮ್ಮ